ಬೀಗ ಹಾಕಿದ್ದೀರಿ ಸರಿ, ಬೀಗದ ಕೈ ಎಲ್ಲಿಟ್ಟಿದ್ದೀರಿ?



ಒಂದು ಹೇಳಿಕೆ ಇದೆ. ಆಗಾಗ ಸುದ್ದಿಮನೆಗೆ ಬರ್ತಾನೇ ಇರುತ್ತೆ. ಕಂಪನಿಯ ಹೆಸರು ಬದಲಾಗುತ್ತೆ, ದೇಶ ಬದಲಾಗುತ್ತೆ, ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಒಂದೇ. ನಮ್ಮ ಗ್ರಾಹಕರ ಮಾಹಿತಿ ಕಳುವಾಗಿದೆ, ಆದ್ರೆ ಯಾರೂ ಗಾಬರಿಯಾಗಬೇಕಿಲ್ಲ, ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿದ್ದೇವೆ, ಕಳ್ಳನಿಗೆ ಅದರಿಂದ ಏನೂ ಉಪಯೋಗವಿಲ್ಲ. ನಾವು ಅದನ್ನ ಓದ್ತೀವಿ, ನೀವು ಕೇಳ್ತೀರಿ. ‘ಎನ್‌ಕ್ರಿಪ್ಟ್’ ಅನ್ನೋ ಪದ ಕಿವಿಗೆ ಬಿದ್ದ ತಕ್ಷಣ ಸಮಾಧಾನ ಆಗುತ್ತೆ. ಏನೋ ದೊಡ್ಡ ಬೀಗ ಹಾಕಿದ್ದಾರೆ ಬಿಡಿ ಅಂತ ಚಾನೆಲ್ ಬದಲಾಯಿಸ್ತೀವಿ.

ಇವತ್ತು ಆ ಪದವನ್ನ ಬಿಚ್ಚಿ ನೋಡೋಣ. ಯಾಕಂದ್ರೆ ಆ ಬೀಗದ ಹಿಂದೆ ಇರೋದು ಕಂಪನಿಯ ಆಸ್ತಿ ಅಲ್ಲ. ನಿಮ್ಮ ಮೊಬೈಲ್ ನಂಬರ್, ನಿಮ್ಮ ಆಧಾರ್, ನಿಮ್ಮ ಮಗಳ ಹುಟ್ಟಿದ ದಿನಾಂಕ, ನಿಮ್ಮ ತಾಯಿಯ ಆಸ್ಪತ್ರೆ ರಿಪೋರ್ಟು. ಪಾಸ್‌ವರ್ಡ್ ಹೋದ್ರೆ ಬೇರೆ ಇಟ್ಕೋಬಹುದು. ಹುಟ್ಟಿದ ದಿನಾಂಕ ಹೋದ್ರೆ ಇನ್ನೊಂದು ಸಲ ಹುಟ್ಟೋಕಾಗುತ್ತಾ?

ಮೊದಲು, ಇದೆಲ್ಲ ಇರೋದು ಎಲ್ಲಿ? ತಾಲ್ಲೂಕು ಕಚೇರಿಯ ದಪ್ಪ ರಿಜಿಸ್ಟರ್ ನೆನಪು ಮಾಡ್ಕೊಳ್ಳಿ. ಒಬ್ಬ ಮನುಷ್ಯನಿಗೆ ಒಂದು ಸಾಲು. ಹೆಸರಿಗೆ ಒಂದು ಕಾಲಂ, ವಿಳಾಸಕ್ಕೆ ಒಂದು ಕಾಲಂ, ಫೋನಿಗೆ ಒಂದು ಕಾಲಂ. ಇಂಥ ಹತ್ತಾರು ರಿಜಿಸ್ಟರ್‌ಗಳನ್ನ ಒಂದಕ್ಕೊಂದು ಸಂಬಂಧ ಕಲ್ಪಿಸಿ ಕಂಪ್ಯೂಟರ್‌ನಲ್ಲಿ ಇಟ್ಟರೆ ಅದೇ ರಿಲೇಷನಲ್ ಡೇಟಾಬೇಸ್. 1970ರಲ್ಲಿ ಐಬಿಎಂ ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಕೊಟ್ಟ ಕಲ್ಪನೆ ಇದು. ಅರ್ಧ ಶತಮಾನ ದಾಟಿದೆ, ಇವತ್ತಿಗೂ ಬ್ಯಾಂಕು, ರೈಲ್ವೆ, ಆಸ್ಪತ್ರೆ, ಅಂಗಡಿ ಎಲ್ಲ ನಡೀತಿರೋದು ಇದರ ಮೇಲೆಯೇ. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತೆಲ್ಲ ಹೆಸರು ಕೇಳಿರ್ತೀರಿ. ಎಲ್ಲ ಅದೇ ಜಾತಿಯವು. ಇವುಗಳ ಜೊತೆ ಮಾತಾಡೋ ಭಾಷೆ ಎಸ್‌ಕ್ಯೂಎಲ್. ಇಂಥವರ ಸಾಲು ಕೊಡು ಅಂದ್ರೆ ಕೊಡುತ್ತೆ. ಎಲ್ಲಾ ಸಾಲು ಕೊಡು ಅಂದ್ರೆ ಎಲ್ಲಾನೂ ಕೊಡುತ್ತೆ. ಕೇಳಿದವನಿಗೆ ಅನುಮತಿ ಇದೆಯಾ ಅಂತ ಮಾತ್ರ ನೋಡುತ್ತೆ. ಅವನು ಯಜಮಾನನೋ, ಯಜಮಾನನ ವೇಷದಲ್ಲಿ ಬಂದ ಕಳ್ಳನೋ, ಅದಕ್ಕೆ ಗೊತ್ತಾಗಲ್ಲ.

2009ರಲ್ಲಿ ಅಮೆರಿಕದ ರಾಕ್‌ಯೂ ಅನ್ನೋ ಕಂಪನಿಗೆ ಆಗಿದ್ದು ಇದೇ. ವೆಬ್‌ಸೈಟ್‌ನಲ್ಲಿ ಹೆಸರೋ ಇನ್ನೇನೋ ತುಂಬೋ ಖಾನೆಯಲ್ಲಿ ಕಳ್ಳ ತನ್ನ ಎಸ್‌ಕ್ಯೂಎಲ್ ಆಜ್ಞೆಯನ್ನೇ ನುಸುಳಿಸೋ ಉಪಾಯ ಒಂದಿದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತಾರೆ. ಅದೇ ದಾರಿಯಲ್ಲಿ ಒಳಗೆ ಹೋದವನಿಗೆ ಮೂರು ಕೋಟಿಗೂ ಹೆಚ್ಚು ಪಾಸ್‌ವರ್ಡ್ ಸಿಕ್ಕವು. ಬೀಗ ಇಲ್ಲ, ಚಿಲಕ ಇಲ್ಲ, ಇದ್ದದ್ದು ಇದ್ದ ಹಾಗೇ ಬರೆದಿಟ್ಟಿದ್ದರು. ಆ ಪಟ್ಟಿ ಇವತ್ತಿಗೂ ಚಾಲ್ತಿಯಲ್ಲಿದೆ. ಜನ ಎಂಥ ಪಾಸ್‌ವರ್ಡ್ ಇಡ್ತಾರೆ ಅನ್ನೋದಕ್ಕೆ ಕಳ್ಳರ ಪಠ್ಯಪುಸ್ತಕ ಅದು.

ಹಾಗಾದ್ರೆ ಬೀಗ ಹಾಕೋದು ಹೇಗೆ? ದಾರಿ ಎರಡು. ಎರಡನ್ನೂ ಒಂದೇ ಅಂತ ತಿಳ್ಕೊಂಡಿರೋದೇ ಅರ್ಧ ತೊಂದರೆಗೆ ಕಾರಣ.

ಒಂದನೆಯದು ಹ್ಯಾಶ್. ರಾಗಿಯನ್ನ ಗಿರಣಿಗೆ ಹಾಕಿದ ಹಾಗೆ. ಹಿಟ್ಟಾದ ಮೇಲೆ ಮತ್ತೆ ಕಾಳು ಮಾಡೋಕೆ ಬ್ರಹ್ಮನಿಂದಲೂ ಆಗಲ್ಲ. ಆದ್ರೆ ಈ ಗಿರಣಿಯ ವಿಶೇಷ ಏನಂದ್ರೆ, ಅದೇ ಕಾಳು ಹಾಕಿದ್ರೆ ಪ್ರತಿ ಸಲವೂ ಅದೇ ಹಿಟ್ಟು ಬರುತ್ತೆ. ಒಂದೇ ಒಂದು ಅಕ್ಷರ ಬದಲಾದರೂ ಹಿಟ್ಟು ಪೂರ್ತಿ ಬೇರೆ. ಹಾಗಾಗಿ ಕಂಪನಿ ನಿಮ್ಮ ಪಾಸ್‌ವರ್ಡ್ ಇಟ್ಕೊಳ್ಳೋ ಅಗತ್ಯವೇ ಇಲ್ಲ, ಹಿಟ್ಟು ಇಟ್ಕೊಂಡರೆ ಸಾಕು. ನಾಳೆ ನೀವು ಲಾಗಿನ್ ಆಗುವಾಗ ಕೊಟ್ಟ ಪಾಸ್‌ವರ್ಡನ್ನ ಮತ್ತೆ ಬೀಸಿ, ಹಳೇ ಹಿಟ್ಟಿಗೆ ತಾಳೆ ನೋಡಿದ್ರೆ ಮುಗೀತು.

ಎರಡನೆಯದು ಎನ್‌ಕ್ರಿಪ್ಷನ್. ಇದು ಬ್ಯಾಂಕಿನ ಲಾಕರ್ ಥರ. ಒಳಗಿಟ್ಟ ಒಡವೆ ಹಾಗೇ ಇರುತ್ತೆ, ಬೀಗದ ಕೈ ಇದ್ದವರು ತೆಗೀಬಹುದು. ನಿಮ್ಮ ವಿಳಾಸ, ಖಾತೆ ನಂಬರ್, ವೈದ್ಯರ ರಿಪೋರ್ಟು, ಇವೆಲ್ಲ ಮತ್ತೆ ಓದಲೇಬೇಕಾದವು. ಬೀಸಿ ಹಿಟ್ಟು ಮಾಡೋ ಹಾಗಿಲ್ಲ. ಅದಕ್ಕೆ ಲಾಕರೇ ಬೇಕು.

ತಾಳೆ ನೋಡೋಕೆ ಹ್ಯಾಶ್, ವಾಪಸ್ ಓದೋಕೆ ಎನ್‌ಕ್ರಿಪ್ಷನ್. ಇಷ್ಟು ನೆನಪಿಟ್ಕೊಳ್ಳಿ. ಈಗ ಕಥೆ ಕೇಳಿ.

2012ರ ಜೂನ್. ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ನಿಂದ ಕದ್ದ ಸುಮಾರು 65 ಲಕ್ಷ ಪಾಸ್‌ವರ್ಡ್ ಹ್ಯಾಶ್‌ಗಳು ಬಯಲಿಗೆ ಬಂದವು. ಇವರು ರಾಕ್‌ಯೂ ಥರ ಹಾಗೇ ಬಿಟ್ಟಿರಲಿಲ್ಲ, ಬೀಸಿ ಇಟ್ಟಿದ್ದರು. ಶಾ-1 ಅನ್ನೋ ಗಿರಣಿ. ಹಿಟ್ಟನ್ನ ಕಾಳು ಮಾಡೋಕೆ ಆಗಲ್ಲ ಅಂದೆ ತಾನೇ? ಮತ್ತೆ ಏನು ಭಯ?

ಭಯ ಇದೆ. ಕಳ್ಳನಿಗೆ ಹಿಟ್ಟನ್ನ ಕಾಳು ಮಾಡೋ ಅಗತ್ಯವೇ ಇಲ್ಲ ಸ್ವಾಮಿ. ಅವನ ಮನೆಯಲ್ಲೂ ಅದೇ ಗಿರಣಿ ಇದೆ. ಮಾರುಕಟ್ಟೆಯಲ್ಲಿರೋ ಎಲ್ಲ ಕಾಳನ್ನೂ ತಂದು ಒಂದೊಂದಾಗಿ ಬೀಸ್ತಾನೆ. ಯಾವ ಹಿಟ್ಟು ನಿಮ್ಮ ಹಿಟ್ಟಿಗೆ ತಾಳೆಯಾಗುತ್ತೋ ಅದೇ ನಿಮ್ಮ ಪಾಸ್‌ವರ್ಡ್. ಯಾವ ಕಾಳು ಮೊದಲು ಬೀಸಬೇಕು ಅಂತ ತಿಳಿಯೋಕೆ ರಾಕ್‌ಯೂ ಪಟ್ಟಿ ಕೈಯಲ್ಲೇ ಇದೆಯಲ್ಲ! ಶಾ-1 ಬಲು ವೇಗದ ಗಿರಣಿ. ವಿಡಿಯೋ ಗೇಮ್ ಆಡೋ ಕಂಪ್ಯೂಟರ್‌ನ ಗ್ರಾಫಿಕ್ಸ್ ಕಾರ್ಡ್ ಒಂದಿದ್ರೆ ಸೆಕೆಂಡಿಗೆ ನೂರಾರು ಕೋಟಿ ಸಲ ಬೀಸಬಹುದು. ಮೇಲಾಗಿ ಒಂದೇ ಪಾಸ್‌ವರ್ಡ್ ಇಟ್ಟ ಸಾವಿರ ಜನಕ್ಕೂ ಒಂದೇ ಹಿಟ್ಟು. ಒಬ್ಬರದು ಸಿಕ್ಕರೆ ಸಾವಿರ ಜನರದ್ದೂ ಸಿಕ್ಕ ಹಾಗೆ.

ಇದಕ್ಕೆ ಮದ್ದು ಆಗಲೇ ಇತ್ತು. ಹೆಸರೇ ಸಾಲ್ಟ್, ಅಂದ್ರೆ ಉಪ್ಪು. ಒಬ್ಬೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸಿ ಬೀಸೋದು. ಆಗ ಒಂದೇ ಪಾಸ್‌ವರ್ಡ್ ಇಟ್ಟ ಇಬ್ಬರ ಹಿಟ್ಟೂ ಬೇರೆ. ಕಳ್ಳ ಒಬ್ಬೊಬ್ಬರಿಗೂ ಮೊದಲಿನಿಂದ ಬೀಸಬೇಕು. ಜೊತೆಗೆ ಬೇಕಂತಲೇ ನಿಧಾನವಾಗಿ ತಿರುಗೋ ಗಿರಣಿಯೂ ಇದೆ. 1999ರಲ್ಲೇ ಬಂದ ಬಿಕ್ರಿಪ್ಟ್. ನೀವು ಲಾಗಿನ್ ಆಗೋವಾಗ ಅರೆಕ್ಷಣ ತಡವಾದ್ರೆ ನಿಮಗೆ ಗೊತ್ತೂ ಆಗಲ್ಲ. ಕೋಟಿ ಕೋಟಿ ಸಲ ಬೀಸಬೇಕಾದ ಕಳ್ಳನಿಗೆ ಅದೇ ವರ್ಷಗಟ್ಟಲೆ ಆಗುತ್ತೆ. ಲಿಂಕ್ಡ್‌ಇನ್‌ನ ಆ ಹಿಟ್ಟಿಗೆ ಉಪ್ಪೇ ಇರಲಿಲ್ಲ.

ಕಥೆ ಅಲ್ಲಿಗೆ ಮುಗೀಲಿಲ್ಲ. ನಾಲ್ಕು ವರ್ಷ ಆದಮೇಲೆ, 2016ರಲ್ಲಿ, ಅದೇ ಕಳ್ಳತನದ 11 ಕೋಟಿ 70 ಲಕ್ಷ ಇಮೇಲ್ ಮತ್ತು ಪಾಸ್‌ವರ್ಡ್ ಹ್ಯಾಶ್‌ಗಳು ಮಾರಾಟಕ್ಕೆ ಬಂದವು. 65 ಲಕ್ಷ ಅಂದುಕೊಂಡಿದ್ದು ಬರೀ ತುದಿ. ಅದರ ಬೆನ್ನಲ್ಲೇ ಫೇಸ್‌ಬುಕ್ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್ ಅವರ ಟ್ವಿಟರ್, ಪಿಂಟರೆಸ್ಟ್ ಖಾತೆಗಳಿಗೇ ಬೇರೆಯವರು ನುಗ್ಗಿದರು. ಲಿಂಕ್ಡ್‌ಇನ್ ಪಟ್ಟಿಯಿಂದಲೇ ಪಾಸ್‌ವರ್ಡ್ ಸಿಕ್ಕಿತು ಅಂತ ನುಗ್ಗಿದವರು ಹೇಳಿಕೊಂಡರು. ಒಂದು ಮನೆಯ ಬೀಗ ಮುರಿದರೆ ಇನ್ನೊಂದು ಮನೆಯೂ ಹೋಗೋದು ಹೀಗೆ.

ಸರಿ, ಹ್ಯಾಶ್ ಬೇಡ, ಲಾಕರ್ ಒಳಗೇ ಇಡೋಣ ಅಂದ್ರೆ? ಅದೂ ಆಯ್ತು. 2013ರ ಅಕ್ಟೋಬರ್, ಫೋಟೋಶಾಪ್ ಮಾಡೋ ಅಡೋಬಿ ಕಂಪನಿ. ಬಳಕೆಯಲ್ಲಿದ್ದ 3 ಕೋಟಿ 80 ಲಕ್ಷ ಗ್ರಾಹಕರಿಗೆ ತೊಂದರೆಯಾಗಿದೆ ಅಂತ ಕಂಪನಿ ಹೇಳಿತು. ಬಯಲಿಗೆ ಬಂದ ಪಟ್ಟಿಯಲ್ಲಿ 15 ಕೋಟಿಗೂ ಹೆಚ್ಚು ಸಾಲುಗಳಿದ್ದವು. ಇಲ್ಲಿ ಪಾಸ್‌ವರ್ಡ್‌ಗಳು ಹ್ಯಾಶ್ ಆಗಿರಲಿಲ್ಲ, ಎನ್‌ಕ್ರಿಪ್ಟ್ ಆಗಿದ್ದವು. ಬೀಗದ ಕೈ ಹೊರಗೆ ಬಂದಿರಲೂ ಇಲ್ಲ. ಆದರೂ ಲಕ್ಷಾಂತರ ಪಾಸ್‌ವರ್ಡ್ ಹೊರಬಿದ್ದವು. ಹೇಗೆ?

ಅವರು ಬಳಸಿದ್ದು ಇಸಿಬಿ ಅನ್ನೋ ಕ್ರಮ. ಈ ಕ್ರಮದಲ್ಲಿ ಒಂದೇ ಪದ ಎಲ್ಲಿ ಬಂದರೂ ಒಂದೇ ಗುಪ್ತ ರೂಪ ಬರುತ್ತೆ. ಇಬ್ಬರೂ ಒಂದೇ ಪಾಸ್‌ವರ್ಡ್ ಇಟ್ಟಿದ್ರೆ ಕಾಲಂನಲ್ಲಿ ಅದು ಎದ್ದು ಕಾಣುತ್ತೆ. ಪಕ್ಕದ ಕಾಲಂನಲ್ಲಿ ಇದ್ದದ್ದೇನು? ಪಾಸ್‌ವರ್ಡ್ ಮರೆತರೆ ನೆನಪಿಗೆ ಬರಲಿ ಅಂತ ಗ್ರಾಹಕರೇ ಬರೆದ ಸುಳಿವು. ಅದಕ್ಕೆ ಯಾವ ಬೀಗವೂ ಇಲ್ಲ. ಒಬ್ಬ ಜಾಣ ಸುಳಿವೇ ಕೊಡದೆ ಇರಬಹುದು. ಆದ್ರೆ ಅದೇ ಪಾಸ್‌ವರ್ಡ್ ಇಟ್ಟ ಇನ್ನೊಬ್ಬ ‘ಒಂದರಿಂದ ಆರು’ ಅನ್ನೋ ಅರ್ಥ ಬರೋ ಹಾಗೆ ಬರೆದಿದ್ದರೆ ಇಬ್ಬರದ್ದೂ ಹೋಯ್ತು. ಪದಬಂಧ ಬಿಡಿಸಿದ ಹಾಗೆ ಬಿಡಿಸಿದರು ಜನ. 123456 ಅನ್ನೋ ಪಾಸ್‌ವರ್ಡ್ ಇಟ್ಟವರೇ ಸುಮಾರು 19 ಲಕ್ಷ ಅಂತ ಲೆಕ್ಕ ಹಾಕಿದರು. ಬೀಗ ಮುರೀಲಿಲ್ಲ. ಗೋಡೆಯಲ್ಲಿ ಕಿಟಕಿ ಇತ್ತು.

ಇನ್ನೊಂದು ಹೇಳಿಬಿಡ್ತೀನಿ. 2015ರಲ್ಲಿ ಆಶ್ಲಿ ಮ್ಯಾಡಿಸನ್ ಅನ್ನೋ ತಾಣದ ಡೇಟಾಬೇಸ್ ಕಳುವಾಯ್ತು. ಮದುವೆಯಾದವರಿಗೆ ಹೊರಗಿನ ಸಂಬಂಧ ಹುಡುಕಿಕೊಡೋ ತಾಣ ಅದು. ಅದರ ನೀತಿ ಅನೀತಿ ಬೇರೆ ಚರ್ಚೆ. ಪಾಸ್‌ವರ್ಡ್ ವಿಷಯದಲ್ಲಿ ಅವರು ಸರಿಯಾದ ಕೆಲಸವನ್ನೇ ಮಾಡಿದ್ದರು. ಉಪ್ಪೂ ಇತ್ತು, ನಿಧಾನದ ಬಿಕ್ರಿಪ್ಟ್ ಗಿರಣಿಯೂ ಇತ್ತು. ಭೇದಿಸೋಕೆ ತಲೆಮಾರುಗಳೇ ಬೇಕು ಅಂತ ಎಲ್ಲರೂ ಅಂದುಕೊಂಡರು. ಹವ್ಯಾಸಿಗಳ ಒಂದು ಗುಂಪು ಕೆಲವೇ ದಿನಗಳಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಪಾಸ್‌ವರ್ಡ್ ಬಿಡಿಸಿ ಇಟ್ಟಿತು. ಯಾಕೆ ಗೊತ್ತಾ? ಅದೇ ಪಾಸ್‌ವರ್ಡನ್ನ ಸೇರಿಸಿ ಮಾಡಿದ ಇನ್ನೊಂದು ಗುರುತು ಬೇರೆ ಕಾಲಂನಲ್ಲಿತ್ತು. ಅದನ್ನ ಬೀಸಿದ್ದು ಎಂಡಿ-5 ಅನ್ನೋ ಹಳೇ, ಅತಿ ವೇಗದ ಗಿರಣಿಯಲ್ಲಿ. ಮುಂಬಾಗಿಲು ತೇಗದ ಮರದ್ದು, ಹಿತ್ತಲ ಬಾಗಿಲು ತಡಿಕೆ. ಕಳ್ಳ ಯಾವ ಕಡೆಯಿಂದ ಬರ್ತಾನೆ ಹೇಳಿ?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೀಗದ ಕೈ.

ಇವತ್ತಿನ ಡೇಟಾಬೇಸ್‌ಗಳಲ್ಲಿ ಈ ಗಿರಣಿ, ಈ ಲಾಕರ್ ಎಲ್ಲ ಒಳಗೇ ಸಿದ್ಧವಾಗಿ ಬರುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ಎಂಡಿ-5, ಶಾ-1, ಶಾ-2 ಅನ್ನೋ ಹ್ಯಾಶ್ ಫಂಕ್ಷನ್‌ಗಳಿವೆ. ಎಇಎಸ್ ಎನ್‌ಕ್ರಿಪ್ಟ್, ಎಇಎಸ್ ಡಿಕ್ರಿಪ್ಟ್ ಅಂತ ಬೀಗ ಹಾಕೋ, ತೆಗೆಯೋ ಫಂಕ್ಷನ್‌ಗಳಿವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಪಿಜಿಕ್ರಿಪ್ಟೊ ಅಂತ ಒಂದು ಕಟ್ಟು ಸೇರಿಸ್ಕೊಂಡರೆ ಉಪ್ಪು ಬೆರೆಸಿದ ಬಿಕ್ರಿಪ್ಟ್ ಶೈಲಿಯ ಹ್ಯಾಶೂ ಸಿಗುತ್ತೆ. ಒಂದು ಸಾಲಿನ ಆಜ್ಞೆ ಬರೆದರೆ ಸಾಕು, ಕೆಲಸ ಆಯ್ತು. ಸುಲಭ. ಅಲ್ಲೇ ಇರೋದು ಅಪಾಯ.

ಆ ಒಂದು ಸಾಲಿನಲ್ಲಿ ಏನಿರುತ್ತೆ? ‘ಈ ಆಧಾರ್ ನಂಬರನ್ನ ಈ ಬೀಗದ ಕೈಯಿಂದ ಮುಚ್ಚು’ ಅಂತ. ಅಂದ್ರೆ ಒಡವೆಯೂ ಬೀಗದ ಕೈಯೂ ಒಂದೇ ಚೀಟಿಯಲ್ಲಿ ಸರ್ವರ್‌ಗೆ ಹೋಗ್ತಿವೆ. ಸಂಪರ್ಕಕ್ಕೆ ರಕ್ಷಣೆ ಇಲ್ಲದಿದ್ದರೆ ಆ ಚೀಟಿ ದಾರಿಯಲ್ಲಿ ಬಿಚ್ಚಿದ ಪತ್ರದ ಹಾಗೆ. ಸರ್ವರ್ ತಲುಪಿದ ಮೇಲೆ? ಡೇಟಾಬೇಸ್‌ಗಳು ಲಾಗ್ ಅಂತ ದಿನಚರಿ ಬರೀತಾವೆ, ಯಾರು ಯಾವಾಗ ಏನು ಕೇಳಿದರು ಅಂತ. ಆ ದಿನಚರಿ ಆನ್ ಆಗಿದ್ದರೆ ಬೀಗದ ಕೈ ಅಲ್ಲೂ ದಾಖಲಾಗಬಹುದು. ಈ ಎಚ್ಚರಿಕೆ ನಾನು ಕೊಡ್ತಿರೋದಲ್ಲ, ಮೈಎಸ್‌ಕ್ಯೂಎಲ್‌ನ ಅಧಿಕೃತ ಕೈಪಿಡಿಯಲ್ಲೇ ಇದೆ. ಅಷ್ಟೇ ಅಲ್ಲ, ಬೇರೆ ಏನೂ ಹೇಳದಿದ್ದರೆ ಅದರ ಎಇಎಸ್ ಫಂಕ್ಷನ್ ನಡೆಯೋದು ಅಡೋಬಿಗೆ ಕೈಕೊಟ್ಟ ಅದೇ ಇಸಿಬಿ ಕ್ರಮದಲ್ಲಿ. ಬದಲಾಯಿಸೋಕೆ ಅವಕಾಶ ಇದೆ. ಬದಲಾಯಿಸಬೇಕು ಅಂತ ಗೊತ್ತಿರಬೇಕಷ್ಟೇ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತಾರೆ. ಬೀಗದ ಕೈಯನ್ನ ಅದೇ ಡೇಟಾಬೇಸ್‌ನ ಇನ್ನೊಂದು ಟೇಬಲ್‌ನಲ್ಲಿ ಇಡ್ತಾರೆ. ಇದಕ್ಕೆ ಏನನ್ನೋಣ? ಬಾಗಿಲಿಗೆ ಬೀಗ ಜಡಿದು, ಕೈಯನ್ನ ಹೊಸ್ತಿಲ ಮುಂದಿನ ಕಾಲೊರಸಿನ ಕೆಳಗೆ ಇಟ್ಟ ಹಾಗೆ. ಡೇಟಾಬೇಸ್ ಪೂರ್ತಿ ಎತ್ತಿಕೊಂಡು ಹೋದವನಿಗೆ ಬೀಗವೂ ಸಿಕ್ಕಿತು, ಕೈಯೂ ಸಿಕ್ಕಿತು. ಅವನು ಮನೆಯೊಳಗಿನವನೇ ಆಗಿದ್ದರಂತೂ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇನ್ನೊಂದು ಮಾತೂ ಕೇಳಿಬರುತ್ತೆ. ನಮ್ಮ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ ಅಂತ. ಒಳ್ಳೇದೇ. ಯಾರಾದರೂ ಹಾರ್ಡ್‌ಡಿಸ್ಕ್ ಕಿತ್ತುಕೊಂಡು ಹೋದ್ರೆ, ಡೇಟಾಬೇಸ್‌ನ ಫೈಲ್‌ಗಳನ್ನೇ ಕದ್ದರೆ ಅದು ಕಾಪಾಡುತ್ತೆ. ಆದ್ರೆ ಸರ್ವರ್ ಚಾಲೂ ಇರುವಾಗ ಕಾಂಪೌಂಡ್ ಗೇಟು ತೆರೆದೇ ಇರುತ್ತೆ. ಅನುಮತಿ ಇದ್ದವರು ಕೇಳಿದರೆ ಡೇಟಾಬೇಸ್ ತಾನೇ ಬೀಗ ತೆಗೆದು ಓದಿ ಹೇಳುತ್ತೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಮಾಡಿ ಬಂದವನಿಗೂ ಅಷ್ಟೇ ವಿನಯದಿಂದ ಓದಿ ಹೇಳುತ್ತೆ. ಯಾವ ಕಳ್ಳನಿಗೆ ಯಾವ ಬೀಗ ಅಂತ ಕೇಳದೆ ‘ಎನ್‌ಕ್ರಿಪ್ಟ್ ಮಾಡಿದ್ದೇವೆ’ ಅಂದ್ರೆ ಅದು ಅರ್ಧ ಉತ್ತರ.

ಈಗ ನಿಮಗೆ, ನನಗೆ ನೇರವಾಗಿ ತಟ್ಟೋ ಒಂದು ವಿಷಯ. ನ್ಯೂಯಾರ್ಕ್ ನಗರದ್ದು. ಆದ್ರೆ ಪಾಠ ನಮ್ಮದು.

2014ರಲ್ಲಿ ನಮ್ಮ ಆರ್‌ಟಿಐ ಥರದ ಒಂದು ಅರ್ಜಿಗೆ ಉತ್ತರವಾಗಿ ಅಲ್ಲಿನ ಟ್ಯಾಕ್ಸಿ ಆಯೋಗ ಹಿಂದಿನ ವರ್ಷದ ಟ್ಯಾಕ್ಸಿ ಪ್ರಯಾಣಗಳ ವಿವರ ಕೊಟ್ಟಿತು. 17 ಕೋಟಿಗೂ ಹೆಚ್ಚು ಪ್ರಯಾಣ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಷ್ಟು ಬಾಡಿಗೆ, ಎಷ್ಟು ಟಿಪ್ಸ್, ಎಲ್ಲ. ಚಾಲಕರ ಗುರುತು ಗೊತ್ತಾಗಬಾರದು ಅಂತ ಟ್ಯಾಕ್ಸಿ ನಂಬರ್, ಲೈಸೆನ್ಸ್ ನಂಬರ್ ಎರಡನ್ನೂ ಎಂಡಿ-5ನಲ್ಲಿ ಹ್ಯಾಶ್ ಮಾಡಿದ್ದರು. ಹಿಟ್ಟು ಮಾಡಿದ್ದೀವಿ, ಯಾರಿಗೂ ತಿಳಿಯಲ್ಲ ಅಂತ.

ಆದ್ರೆ ಅಲ್ಲಿನ ಟ್ಯಾಕ್ಸಿ ನಂಬರ್‌ಗಳಿಗೆ, ಲೈಸೆನ್ಸ್‌ಗಳಿಗೆ ಒಂದು ಮಾದರಿ ಇದೆ. ಇಷ್ಟು ಅಂಕಿ, ಇಷ್ಟು ಅಕ್ಷರ ಅಂತ. ಇರಬಹುದಾದ ಎಲ್ಲ ನಂಬರ್ ಸೇರಿಸಿದರೂ ಎರಡು ಕೋಟಿ ಚಿಲ್ಲರೆ. ಕಂಪ್ಯೂಟರ್‌ಗೆ ಅದು ಯಾವ ಲೆಕ್ಕ! ಒಬ್ಬ ಎಂಜಿನಿಯರ್ ಎಲ್ಲವನ್ನೂ ಬೀಸಿ, ಎಲ್ಲವನ್ನೂ ತಾಳೆ ಮಾಡಿ, ಎರಡು ಗಂಟೆಯೊಳಗೆ ಇಡೀ ಪಟ್ಟಿಯನ್ನ ಬಿಚ್ಚಿಟ್ಟರು. ಯಾವ ಚಾಲಕ ವರ್ಷಕ್ಕೆ ಎಷ್ಟು ದುಡಿದ, ಎಲ್ಲೆಲ್ಲಿ ಓಡಾಡಿದ ಅನ್ನೋದು ಬಯಲು. ಆಮೇಲೆ ಟ್ಯಾಕ್ಸಿ ಹತ್ತುತ್ತಿದ್ದ ಸಿನಿಮಾ ತಾರೆಯರ ಫೋಟೋಗಳಲ್ಲಿ ನಂಬರ್ ನೋಡಿ, ಅವರು ಎಲ್ಲಿಗೆ ಹೋದರು, ಎಷ್ಟು ಟಿಪ್ಸ್ ಕೊಟ್ಟರು ಅಂತಲೂ ಪತ್ತೆ ಮಾಡಿದರು.

ಗಿರಣಿ ಎಷ್ಟೇ ಒಳ್ಳೇದಿರಲಿ, ಕಾಳಿನ ಬಗೆ ಕಡಿಮೆ ಇದ್ದರೆ ಹಿಟ್ಟು ಗುಟ್ಟು ಕಾಪಾಡಲ್ಲ.

ಈಗ ನಮ್ಮ ಲೆಕ್ಕ ಹಾಕಿ. ಮೊಬೈಲ್ ನಂಬರ್ ಹತ್ತು ಅಂಕಿ. ಮೊದಲ ಅಂಕಿ 6, 7, 8 ಅಥವಾ 9. ಅಂದ್ರೆ ಇರಬಹುದಾದ ನಂಬರ್‌ಗಳು 400 ಕೋಟಿ. ದೊಡ್ಡ ಸಂಖ್ಯೆ ಅನ್ಸುತ್ತೆ ಅಲ್ವಾ? ಸೆಕೆಂಡಿಗೆ ಬರೀ 100 ಕೋಟಿ ಬೀಸೋ ಯಂತ್ರಕ್ಕೆ ನಾಲ್ಕು ಸೆಕೆಂಡ್ ಕೆಲಸ. ಆಧಾರ್ ನಂಬರ್ ಹನ್ನೆರಡು ಅಂಕಿ. ಮೊದಲನೆಯದು 0 ಅಥವಾ 1 ಇರಲ್ಲ. ಕೊನೆಯದು ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬರೋ ತಪಾಸಣೆ ಅಂಕಿ. ಹಾಗಾಗಿ ಒಟ್ಟು ಸಾಧ್ಯತೆ 8,000 ಕೋಟಿ. ಅದೇ ಯಂತ್ರಕ್ಕೆ 80 ಸೆಕೆಂಡ್. ಜಾಹೀರಾತಿನ ಬಿಡುವಿನಲ್ಲಿ ನೀವು ಒಂದು ಲೋಟ ನೀರು ಕುಡಿದು ಬರೋಷ್ಟರಲ್ಲಿ ಮುಗಿಯುತ್ತೆ. ಹಾಗಾಗಿ ಯಾರಾದರೂ ‘ನಿಮ್ಮ ನಂಬರ್ ನಮ್ಮ ಹತ್ರ ಇಲ್ಲ, ಅದರ ಹ್ಯಾಶ್ ಮಾತ್ರ ಇದೆ’ ಅಂದ್ರೆ, ನಿಮ್ಮ ನಂಬರ್ ಅವರ ಹತ್ರ ಇದೆ ಅಂತಲೇ ತಿಳ್ಕೊಳ್ಳಿ.

ಹಾಗಾದ್ರೆ ಪರಿಹಾರ ಇಲ್ವಾ? ಇದೆ. ಹ್ಯಾಶ್ ಮಾಡುವಾಗಲೇ ಒಂದು ರಹಸ್ಯ ಕೀಲಿಯನ್ನ ಸೇರಿಸೋದು. ಎಚ್‌ಮ್ಯಾಕ್ ಅಂತಾರೆ. ಆ ಕೀಲಿ ಇಲ್ಲದವನು ಎಷ್ಟು ಬೀಸಿದರೂ ತಾಳೆಯಾಗಲ್ಲ. ಆದ್ರೆ ಕೀಲಿಯನ್ನ ಡೇಟಾಬೇಸ್‌ನಿಂದ ದೂರ ಇಡಬೇಕು. ಅದಕ್ಕೆಂದೇ ಎಚ್‌ಎಸ್‌ಎಂ ಅನ್ನೋ ಪ್ರತ್ಯೇಕ ಯಂತ್ರಗಳಿವೆ. ಕೀಲಿ ಅದರೊಳಗೇ ಹುಟ್ಟುತ್ತೆ, ಅಲ್ಲೇ ಕೆಲಸ ಮಾಡುತ್ತೆ, ಹೊರಗೆ ಬರಲ್ಲ. ನಮ್ಮ ಆಧಾರ್ ಪ್ರಾಧಿಕಾರವೂ 2017ರ ಜುಲೈನಲ್ಲಿ ಇದೇ ದಾರಿ ಹಿಡೀತು. ಆಧಾರ್ ನಂಬರ್ ಸಂಗ್ರಹಿಸೋ ಸಂಸ್ಥೆಗಳು ಅದನ್ನ ಕಂಡಕಂಡ ಟೇಬಲ್‌ನಲ್ಲಿ ಇಡೋ ಹಾಗಿಲ್ಲ. ಆಧಾರ್ ಡೇಟಾ ವಾಲ್ಟ್ ಅನ್ನೋ ಒಂದೇ ಕಡೆ ಎನ್‌ಕ್ರಿಪ್ಟ್ ಮಾಡಿ ಇಡಬೇಕು, ಕೀಲಿ ಎಚ್‌ಎಸ್‌ಎಂನಲ್ಲಿರಬೇಕು, ಉಳಿದೆಲ್ಲ ಕಡೆ ಅದರ ಬದಲು ಒಂದು ರೆಫರೆನ್ಸ್ ಕೀ ಬಳಸಬೇಕು ಅಂತ ಸುತ್ತೋಲೆ ಹೊರಡಿಸಿತು.

ಎಂಜಿನಿಯರ್‌ಗಳ ಕಷ್ಟವನ್ನೂ ಹೇಳಬೇಕು, ಅದು ನ್ಯಾಯ. ಸರಿಯಾಗಿ ಎನ್‌ಕ್ರಿಪ್ಟ್ ಮಾಡಿದ ಕಾಲಂನಲ್ಲಿ ಹುಡುಕೋದು ಸುಲಭ ಅಲ್ಲ. ‘ಈ ಮೊಬೈಲ್ ನಂಬರ್ ಇರೋ ಗ್ರಾಹಕ ಯಾರು’ ಅಂತ ಕಾಲ್ ಸೆಂಟರ್‌ನವರು ಕೇಳಿದರೆ ಒಂದೊಂದೇ ಬೀಗ ತೆಗೆದು ನೋಡಬೇಕಾಗುತ್ತೆ. ಲಕ್ಷಾಂತರ ಸಾಲು ಇದ್ದಾಗ ಅದು ಆಗದ ಮಾತು. ಆಗ ವೇಗಕ್ಕೋಸ್ಕರ ಇಸಿಬಿ ಥರದ ಅಡ್ಡದಾರಿ ಹಿಡಿಯೋ ಆಸೆ ಬರುತ್ತೆ. ಆದ್ರೆ ನೇರ ದಾರಿಯೂ ಇದೆ. ನಂಬರನ್ನ ಒಂದು ಕಾಲಂನಲ್ಲಿ ಗಟ್ಟಿಯಾಗಿ ಎನ್‌ಕ್ರಿಪ್ಟ್ ಮಾಡಿಡಿ, ಪಕ್ಕದಲ್ಲಿ ರಹಸ್ಯ ಕೀಲಿ ಸೇರಿಸಿದ ಹ್ಯಾಶ್ ಇಡಿ. ಹುಡುಕೋಕೆ ಅದು, ಓದೋಕೆ ಇದು. ಬೀಗ ಹಾಕೋ ಕೆಲಸವನ್ನ ಡೇಟಾಬೇಸ್‌ಗೆ ಬಿಡದೆ ಅದಕ್ಕೂ ಮುಂಚೆ ಅಪ್ಲಿಕೇಷನ್‌ನಲ್ಲೇ ಮುಗಿಸಿ. ಆಗ ಡೇಟಾಬೇಸ್ ಕಳುವಾದರೂ ಕಳ್ಳನಿಗೆ ಸಿಗೋದು ಬೀಗ ಮಾತ್ರ, ಕೈ ಅಲ್ಲ. ಸ್ವಲ್ಪ ಶ್ರಮ, ಸ್ವಲ್ಪ ಖರ್ಚು. ಮಾಡೋಕಾಗದ ಕೆಲಸ ಏನಲ್ಲ.

ಇದನ್ನ ಮಾಡಿಸೋರು ಯಾರು? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಸಾರಿತು. ಆ ಪ್ರಕರಣಕ್ಕೆ ಯಾರ ಹೆಸರಿದೆ ಗೊತ್ತಲ್ಲ? ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನ ಪ್ರಶ್ನಿಸಿ ಕೋರ್ಟ್ ಮೆಟ್ಟಿಲೇರಿದ ಹಿರಿಯರು. ಆ ತೀರ್ಪಿನ ನಂತರ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು. ಮಾಹಿತಿ ಕಾಪಾಡೋಕೆ ಎನ್‌ಕ್ರಿಪ್ಷನ್‌ನಂಥ ಕ್ರಮ ಕೈಗೊಳ್ಳಬೇಕು, ಸೋರಿಕೆಯಾದರೆ ಬಾಧಿತರಿಗೆ ತಿಳಿಸಬೇಕು ಅಂತ ನಿಯಮ ಹೇಳುತ್ತೆ. ರಕ್ಷಣೆಯಲ್ಲಿ ಲೋಪ ಮಾಡಿದರೆ ದಂಡ 250 ಕೋಟಿ ರೂಪಾಯಿವರೆಗೆ. ಹಂತ ಹಂತವಾಗಿ ಇದು ಜಾರಿಗೆ ಬರುತ್ತೆ.

ಒಳ್ಳೇ ಕಾನೂನು, ಇಲ್ಲ ಅನ್ನಲ್ಲ. ಆದ್ರೆ ಕಾಗದದಲ್ಲಿ ‘ಎನ್‌ಕ್ರಿಪ್ಷನ್’ ಅಂತ ಬರೆದ ಮಾತ್ರಕ್ಕೆ ಮುಗೀತಾ? ಅಡೋಬಿ ಕೂಡ ಎನ್‌ಕ್ರಿಪ್ಟ್ ಮಾಡಿತ್ತು. ನ್ಯೂಯಾರ್ಕ್ ಆಯೋಗ ಕೂಡ ಹ್ಯಾಶ್ ಮಾಡಿತ್ತು. ನಿಯಮದ ಪುಸ್ತಕ ಇಟ್ಕೊಂಡು ಟಿಕ್ ಹಾಕಿದ್ದರೆ ಇಬ್ಬರೂ ಪಾಸ್ ಆಗ್ತಿದ್ದರು. ಹಾಗಾಗಿ ನಾಳೆ ಅಧಿಕಾರಿಗಳು ತಪಾಸಣೆಗೆ ಹೋದಾಗ ಕೇಳಬೇಕಾದ್ದು ‘ಬೀಗ ಹಾಕಿದ್ದೀರಾ’ ಅಂತ ಅಲ್ಲ. ಬೀಗದ ಕೈ ಎಲ್ಲಿದೆ? ಅದು ಯಾರ್ಯಾರ ಹತ್ರ ಇದೆ? ಲಾಗ್‌ನಲ್ಲಿ, ಬ್ಯಾಕಪ್‌ನಲ್ಲಿ ಅದರ ನಕಲು ಬಿದ್ದಿದೆಯಾ? ಹ್ಯಾಶ್ ಮಾಡಿದ್ದು ಊಹಿಸೋಕಾಗದ್ದನ್ನೋ, ಹತ್ತಂಕಿ ನಂಬರನ್ನೋ? ಈ ಪ್ರಶ್ನೆಗಳನ್ನ ಪತ್ರಕರ್ತರೂ ಕೇಳಬೇಕು. ಕಂಪನಿಯ ಹೇಳಿಕೆಯನ್ನ ಓದಿ ಮುಗಿಸಿದರೆ ನಮ್ಮ ಕೆಲಸ ಮುಗೀಲಿಲ್ಲ.

ನೀವೂ ಮಾಡಬಹುದಾದ್ದು ಇದೆ. ಯಾವುದಾದರೂ ತಾಣದಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಅಂತ ಒತ್ತಿ ನೋಡಿ. ಹೊಸದು ಮಾಡ್ಕೊಳ್ಳಿ ಅಂತ ಲಿಂಕ್ ಬಂದರೆ ಸರಿ. ಅದರ ಬದಲು ನಿಮ್ಮ ಹಳೇ ಪಾಸ್‌ವರ್ಡನ್ನೇ ಬರೆದು ಕಳಿಸಿದರೋ, ಎಚ್ಚರ! ಹಿಟ್ಟನ್ನ ಕಾಳು ಮಾಡೋಕೆ ಯಾರಿಗೂ ಆಗಲ್ಲ ಅಂದ ಮೇಲೆ ಅವರಿಗೆ ಹೇಗೆ ಸಿಕ್ಕಿತು? ಒಂದೋ ಬೀಗವೇ ಇಲ್ಲ, ಇಲ್ಲ ಬೀಗದ ಕೈ ಅಲ್ಲೇ ಇದೆ. ಆ ತಾಣಕ್ಕೆ ಕೊಟ್ಟ ಪಾಸ್‌ವರ್ಡ್ ಬೇರೆ ಎಲ್ಲೂ ಇಡಬೇಡಿ, ಬ್ಯಾಂಕಿಗಂತೂ ಖಂಡಿತ ಬೇಡ. ಅಂಗಡಿಯಲ್ಲಿ ಬಿಲ್ ಹಾಕುವಾಗ ಫೋನ್ ನಂಬರ್ ಕೇಳಿದರೆ ಯಾಕೆ ಅಂತ ಕೇಳಿ. ಕೊಡದೇ ಇರೋ ಮಾಹಿತಿಯನ್ನ ಯಾವ ಕಳ್ಳನೂ ಕದಿಯೋಕಾಗಲ್ಲ. ಅದಕ್ಕಿಂತ ಗಟ್ಟಿ ಎನ್‌ಕ್ರಿಪ್ಷನ್ ಇನ್ನೊಂದಿಲ್ಲ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮ ಹಿರಿಯರ ಗಾದೆ. ಇಲ್ಲಿ ಅದಕ್ಕಿಂತ ವಿಚಿತ್ರ ನಡೀತಿದೆ. ಕೋಟೆ ಬಾಗಿಲು ಮೊದಲೇ ಹಾಕಿದ್ದಾರೆ, ಬೀಗವನ್ನೂ ಜಡಿದಿದ್ದಾರೆ, ಬೀಗದ ಕೈಯನ್ನ ಮಾತ್ರ ಬಾಗಿಲಿಗೇ ನೇತುಹಾಕಿದ್ದಾರೆ. ಆಮೇಲೆ ಬಂದು ಹೇಳ್ತಾರೆ, ಗಾಬರಿಯಾಗಬೇಡಿ, ಬೀಗ ಹಾಕಿದ್ದೆವು ಅಂತ.

ಮುಂದಿನ ಸಲ ಆ ಹೇಳಿಕೆ ಪರದೆ ಮೇಲೆ ಬಂದಾಗ ಚಾನೆಲ್ ಬದಲಾಯಿಸಬೇಡಿ. ಬೀಗದ ಕೈ ಎಲ್ಲಿತ್ತು ಅಂತ ಕೇಳಿ.